ಲೆಕ್ಕಕ್ಕೆ ಸಿಗದ ಕೀವು

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ವಾರಗಳ ಅವಧಿಯಲ್ಲಿ ಲ್ಯಾಪರೊಸ್ಕೋಪಿ ಮಾಡಿಸಿಕೊಂಡವರಲ್ಲಿ 35 ಮಂದಿಗೆ ಒಂದೇ ಬಗೆಯ ತೊಂದರೆ ಕಾಣಿಸಿಕೊಂಡಿತು. ಹೊಟ್ಟೆಯೊಳಕ್ಕೆ ಉಪಕರಣ ತೂರಿಸಿದ್ದ ಪುಟ್ಟ ಕಿಂಡಿಗಳ ಸುತ್ತ ಗಂಟುಗಳೆದ್ದವು, ಅವು ಒಡೆದು ಸೋರತೊಡಗಿದವು, ವಾಸಿಯಾಗಲು ಮಾತ್ರ ಒಪ್ಪಲಿಲ್ಲ. ಕೊನೆಗೆ ಸಿಕ್ಕಿಬಿದ್ದ ರೋಗಾಣು ಮೈಕೋಬ್ಯಾಕ್ಟೀರಿಯಂ ಚೆಲೋನೆ, ಕ್ಷಯದ ರೋಗಾಣುವಿನ ದೂರದ ದಾಯಾದಿ. ಅದು ಒಳಹೊಕ್ಕ ದಾರಿಯಲ್ಲಿ ನಿಗೂಢವೇನೂ ಇರಲಿಲ್ಲ. ಉಪಕರಣಗಳನ್ನು ರಾಸಾಯನಿಕದಲ್ಲಿ ಅದ್ದಿಟ್ಟು ತೆಗೆದ ಮೇಲೆ ಆ ರಾಸಾಯನಿಕ ಹೋಗಲೆಂದು ತೊಳೆಯುತ್ತಿದ್ದ ನೀರಿನಲ್ಲೇ ಅದಿತ್ತು. ಇದನ್ನು ಪತ್ತೆಮಾಡಿದ ವೈದ್ಯರು 2006ರಲ್ಲಿ ‘ಜರ್ನಲ್ ಆಫ್ ಹಾಸ್ಪಿಟಲ್ ಇನ್ಫೆಕ್ಷನ್’ ಪತ್ರಿಕೆಯಲ್ಲಿ ಎಲ್ಲವನ್ನೂ ಬರೆದರು. ತಮ್ಮಲ್ಲಾದ ಸೋಂಕನ್ನು ತಾವೇ ಬರೆದು ಜಗತ್ತಿನ ಮುಂದಿಡುವ ಆಸ್ಪತ್ರೆಗಳು ನಮ್ಮಲ್ಲಿ ತೀರಾ ಕಡಿಮೆ. ಆ ಪ್ರಾಮಾಣಿಕತೆಯಿಂದಲೇ ನಮಗಿಂದು ಈ ವಿಷಯ ಗೊತ್ತಿದೆ.

ಅಲ್ಲಿ ನಡೆದದ್ದೇನೆಂದು ತಿಳಿಯಲು ಆಪರೇಷನ್ ಥಿಯೇಟರಿನ ಹಿಂದಿನ ಕೋಣೆಗೆ ಹೋಗಬೇಕು. ಕತ್ತರಿ, ಇಕ್ಕಳಗಳನ್ನು ಆಟೋಕ್ಲೇವ್‌ನಲ್ಲಿ ಹಬೆಯ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅವುಗಳ ಮೇಲೆ ಯಾವ ಜೀವಿಯೂ ಉಳಿಯುವುದಿಲ್ಲ. ಲ್ಯಾಪರೊಸ್ಕೋಪಿಯ ಮಸೂರ, ಕೇಬಲ್, ಉದ್ದನೆಯ ಕೊಳವೆಯಂಥ ಉಪಕರಣಗಳಲ್ಲಿ ಅನೇಕವು ಆ ಬಿಸಿ ತಾಳುವುದಿಲ್ಲ ಅಥವಾ ತಾಳುವುದಿಲ್ಲವೆಂದು ಆಸ್ಪತ್ರೆಗಳು ಹೆದರುತ್ತವೆ. ಹಾಗಾಗಿ ಅವನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಮುಳುಗಿಸಿಡುತ್ತಾರೆ. ಓಟಿಯವರ ಬಾಯಲ್ಲಿ ಅದರ ಹೆಸರು ಸೈಡೆಕ್ಸ್. ಶೇ 2ರ ಆ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಹೆಚ್ಚಿನ ಬ್ಯಾಕ್ಟೀರಿಯಗಳು ಸಾಯುತ್ತವೆ. ಗಟ್ಟಿ ಕವಚದ ಬೀಜಾಣುಗಳೂ ಸೇರಿ ಎಲ್ಲವೂ ಸಾಯಲು ಹತ್ತು ಗಂಟೆ ಬೇಕು. ಬೆಳಗ್ಗೆ ಎಂಟಕ್ಕೆ ಒಂದು ಪಿತ್ತಕೋಶದ ಆಪರೇಷನ್, ಹತ್ತೂವರೆಗೆ ಇನ್ನೊಂದು, ಇರುವುದು ಒಂದೇ ಸೆಟ್ಟು ಎಂದಾದಾಗ ಹತ್ತು ಗಂಟೆ ಎಲ್ಲಿಂದ ಬರಬೇಕು? ಇಪ್ಪತ್ತು ನಿಮಿಷ ಅದ್ದಿ, ನೀರಿನಲ್ಲಿ ಜಾಲಾಡಿಸಿ, ಮುಂದಿನ ಹೊಟ್ಟೆಗೆ ತೂರಿಸುತ್ತಾರೆ. ಸತ್ತ ಬ್ಯಾಕ್ಟೀರಿಯಗಳ ಜಾಗಕ್ಕೆ ನೀರೇ ಹೊಸ ಬ್ಯಾಕ್ಟೀರಿಯ ತಂದಿಡುತ್ತದೆ. ಈ ಗುಂಪಿನ ಮೈಕೋಬ್ಯಾಕ್ಟೀರಿಯಗಳು ಕ್ಲೋರಿನ್‌ಗೂ ಅಷ್ಟಾಗಿ ಜಗ್ಗುವುದಿಲ್ಲ, ಪೈಪು ಮತ್ತು ತೊಟ್ಟಿಗಳ ಒಳಗೋಡೆಯಲ್ಲಿ ಲೋಳೆಯಂತೆ ಅಂಟಿಕೊಂಡು ವರ್ಷಗಟ್ಟಲೆ ಬದುಕುತ್ತವೆ.

ಇದು ನಮ್ಮೂರಿಗೆ ಮಾತ್ರ ಬಂದ ಪಾಡಲ್ಲ. 2006–07ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಅರವತ್ತಕ್ಕೂ ಹೆಚ್ಚು ಆಸ್ಪತ್ರೆಗಳಿಂದ ಸಾವಿರಕ್ಕೂ ಮೀರಿದ ಶಂಕಿತ ಪ್ರಕರಣಗಳು ಬಂದವು. ಅಲ್ಲಿ ಹರಡಿದ ತಳಿ ಶೇ 2ರ ಗ್ಲುಟರಾಲ್ಡಿಹೈಡ್‌ನಲ್ಲೇ ಬದುಕಿ ಉಳಿಯುತ್ತಿತ್ತು.

ಈ ಸೋಂಕಿಗೆ ಇನ್ನೊಂದು ಗುಣವಿದೆ. ಬಹುಪಾಲು ಇದು ತಲೆಯೆತ್ತುವುದು ಆಪರೇಷನ್ ಆಗಿ ಮೂರು ನಾಲ್ಕು ವಾರ ಕಳೆದ ಮೇಲೆ. ಅಷ್ಟರಲ್ಲಿ ರೋಗಿಗಳು ಹೊಲಿಗೆ ಬಿಚ್ಚಿಸಿ, ಬಿಲ್ಲು ಚುಕ್ತಾ ಮಾಡಿ, ಕೆಲಸಕ್ಕೂ ಹೋಗುತ್ತಿರುತ್ತಾರೆ. ಜಗತ್ತಿನ ಬಹುತೇಕ ಕಡೆ ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು ಲೆಕ್ಕ ಹಿಡಿಯುವ ಅವಧಿ 30 ದಿನ. ಕೃತಕ ಮಂಡಿ, ಸ್ಕ್ರೂ, ಪ್ಲೇಟು ಕೂರಿಸಿದ್ದರೆ 90 ದಿನ. ಲೆಕ್ಕವಿಡುವ ಆಸ್ಪತ್ರೆಗಳ ಪುಸ್ತಕದಿಂದಲೂ ಇಂಥ ಗಂಟುಗಳು ಹೀಗೆ ಜಾರಿಕೊಳ್ಳಬಹುದು. ಲೆಕ್ಕವನ್ನೇ ಇಡದ ಕಡೆಯ ಮಾತು ಬಿಡಿ.

2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿ, ಹಲವರು ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಆಪರೇಷನ್ ವೇಳೆ ಕಣ್ಣಿನೊಳಗೆ ತುಂಬುವ ಜೆಲ್‌ನಂಥ ದ್ರವವೇ ಕಲುಷಿತವಾಗಿತ್ತೆಂದು ವರದಿಯಾಯಿತು. ಅದು ಬೆಳಕಿಗೆ ಬಂದದ್ದೇಕೆ? ಒಂದೇ ದಿನ, ಒಂದೇ ಕಡೆ, ಒಂದೇ ರೀತಿ ಆಯಿತು. ಕಣ್ಣು ಹೋದದ್ದನ್ನು ಯಾರೂ ಬಚ್ಚಿಡಲಾರರು. ಹೊಟ್ಟೆಯ ಗಾಯ, ಸಿಸೇರಿಯನ್ ಗಾಯ, ಹರ್ನಿಯಾದ ಗಾಯ ಹಾಗಲ್ಲ. ಒಬ್ಬರಿಗೆ ಬನಶಂಕರಿಯಲ್ಲಿ ಹನ್ನೆರಡನೇ ದಿನ ಕೀವಾಗುತ್ತದೆ, ಇನ್ನೊಬ್ಬರಿಗೆ ಅರಕೆರೆಯಲ್ಲಿ ಹತ್ತೊಂಬತ್ತನೇ ದಿನ. ಅವರಿಬ್ಬರೂ ಒಂದೇ ಬೆಳಗ್ಗೆ ಒಂದೇ ಮೇಜಿನ ಮೇಲೆ ಮಲಗಿದ್ದರೆಂಬುದು ಯಾರಿಗೂ ಹೊಳೆಯುವುದಿಲ್ಲ.

ಬನಶಂಕರಿ, ಅರಕೆರೆ ಎಂದು ಬೆಂಗಳೂರು ದಕ್ಷಿಣದ ಹೆಸರನ್ನೇ ಎತ್ತಲು ಕಾರಣವಿದೆ. ಜಯನಗರ 9ನೇ ಬ್ಲಾಕಿನ ಅಂಚಿನಲ್ಲಿ ಜಯದೇವ, ಬೈರಸಂದ್ರದ ಬಳಿ ಸಂಜಯ್ ಗಾಂಧಿ ಟ್ರಾಮಾ ಮತ್ತು ಮೂಳೆ ಸಂಸ್ಥೆ, ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಮತ್ತು ನಿಮ್ಹಾನ್ಸ್, 4ನೇ ಟಿ ಬ್ಲಾಕಿನಲ್ಲಿ ಜಯನಗರ ಜನರಲ್ ಆಸ್ಪತ್ರೆ, ಅದರ ನೆರೆಯಲ್ಲೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ರಾಜ್ಯದ ಮೂಲೆಮೂಲೆಯಿಂದ ಜನ ಗಾಯ ಹೊತ್ತು ಬಂದು ಗಾಯ ಹೊಲಿಸಿಕೊಂಡು ಹೋಗುವ ಜಾಗ ಇದು. ಇವುಗಳ ನಡುವಿನ ಅಡ್ಡರಸ್ತೆಗಳಲ್ಲಿ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂಗಳು, ಬೆಳಗ್ಗೆ ಬಂದು ಸಂಜೆ ಹೋಗುವ ಡೇಕೇರ್ ಕೇಂದ್ರಗಳು, ಪೈಲ್ಸ್‌ಗೆ ಲೇಸರ್ ಎಂದು ಬೋರ್ಡು ಹಾಕಿದ ಕ್ಲಿನಿಕ್‌ಗಳು ಇವೆ. ಜಯನಗರ, ಜೆ.ಪಿ. ನಗರದ ಹಳೆಯ ಮನೆಗಳಲ್ಲಿ ನಿವೃತ್ತರು ಹೆಚ್ಚು, ಮಂಡಿ ಬದಲಿಸಿಕೊಂಡವರೂ ಹೆಚ್ಚು. ಬಿಟಿಎಂ ಲೇಔಟಿನಲ್ಲಿ ಎಳೆಯ ಸಂಸಾರಗಳು, ಅಂದರೆ ಹೆರಿಗೆಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ ನಾಲ್ಕನೇ ಸಮೀಕ್ಷೆಯಲ್ಲಿ ಶೇ 23.6 ಇದ್ದದ್ದು ಐದನೆಯದರಲ್ಲಿ ಶೇ 31.5ಕ್ಕೆ ಏರಿತು. ಪ್ರತಿಯೊಂದು ಸಿಸೇರಿಯನ್ನೂ ಹೊಟ್ಟೆಯ ಮೇಲೊಂದು ಹೊಲಿಗೆ ಬಿಟ್ಟು ಹೋಗುತ್ತದೆ.

ಗಾಯದೊಳಗೆ ಏನಾಗುತ್ತದೆಂದು ನೋಡೋಣ. ಯಾವ ಥಿಯೇಟರಿನಲ್ಲೂ ಯಾವ ಗಾಯವೂ ಬ್ಯಾಕ್ಟೀರಿಯ ಇಲ್ಲದೆ ಮುಚ್ಚುವುದಿಲ್ಲ. ರೋಗಿಯ ಚರ್ಮದಲ್ಲೇ, ಕೂದಲ ಬುಡದಲ್ಲೇ ಅವು ಮನೆ ಮಾಡಿಕೊಂಡಿರುತ್ತವೆ. 1957ರಲ್ಲಿ ಲಂಡನ್ನಿನ ಎಲೆಕ್ ಮತ್ತು ಕೋನೆನ್ ಎಂಬಿಬ್ಬರು ಸ್ವಯಂಸೇವಕರ ಚರ್ಮಕ್ಕೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯ ಚುಚ್ಚಿ ನೋಡಿದರು. ಬರಿಯ ಚರ್ಮದಲ್ಲಿ ಕೀವು ಕಟ್ಟಬೇಕಾದರೆ ಹಲವು ಲಕ್ಷ ಬ್ಯಾಕ್ಟೀರಿಯ ಬೇಕಾದವು. ಜೊತೆಗೊಂದು ರೇಷ್ಮೆ ಹೊಲಿಗೆದಾರ ಇಟ್ಟಾಗ ನೂರರ ಆಸುಪಾಸು ಸಾಕಾದವು. ಇಂದು ಇಂಥ ಪ್ರಯೋಗಕ್ಕೆ ಯಾವ ಎಥಿಕ್ಸ್ ಸಮಿತಿಯೂ ಸಹಿ ಹಾಕದು. ಆದರೆ ಅದು ಹೇಳಿಕೊಟ್ಟದ್ದು ಮಾತ್ರ ಮರೆಯುವಂಥದ್ದಲ್ಲ. ದೇಹದೊಳಗೆ ಪರವಸ್ತು ಇದ್ದರೆ ಸೋಂಕಿಗೆ ಬೇಕಾದ ಬಂಡವಾಳ ಸಾವಿರಾರು ಪಟ್ಟು ಕಡಿಮೆ. ಹರ್ನಿಯಾಕ್ಕೆ ಹಾಕುವ ಜಾಲರಿ, ಮಂಡಿಯ ಲೋಹ, ಮುರಿದ ತೊಡೆಗೆ ಬಿಗಿದ ಪ್ಲೇಟು ಎಲ್ಲವೂ ಪರವಸ್ತುಗಳೇ.

ಆಂಟಿಬಯಾಟಿಕ್ ಈ ಕಥೆಯೊಳಗೆ ಬರುವುದು ಯಾವಾಗ? ಜಾನ್ ಬರ್ಕ್ 1961ರಲ್ಲಿ ಗಿನಿಯಿಲಿಗಳ ಮೇಲೆ ತೋರಿಸಿದ್ದು ಇದು: ಬ್ಯಾಕ್ಟೀರಿಯ ಚರ್ಮಕ್ಕೆ ಇಳಿಯುವ ಹೊತ್ತಿಗೆ ಔಷಧಿ ಅಲ್ಲಿ ಆಗಲೇ ಇದ್ದರೆ ಸೋಂಕು ಏಳುವುದಿಲ್ಲ; ಮೂರು ಗಂಟೆ ತಡವಾದರೆ ಔಷಧಿ ಕೊಟ್ಟದ್ದೂ ಒಂದೇ, ಬಿಟ್ಟದ್ದೂ ಒಂದೇ. 1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಆಸ್ಪತ್ರೆಯಲ್ಲಿ ಕ್ಲಾಸೆನ್ ಮತ್ತು ಸಂಗಡಿಗರು 2,847 ರೋಗಿಗಳಲ್ಲಿ ಇದನ್ನೇ ಕಂಡರು. ಚಾಕು ತಾಗುವ ಮುಂಚಿನ ಎರಡು ಗಂಟೆಯೊಳಗೆ ಇಂಜೆಕ್ಷನ್ ಬಿದ್ದವರಲ್ಲಿ ಸೋಂಕು ಶೇ 0.6. ಅದಕ್ಕಿಂತ ಬೇಗ ಕೊಟ್ಟಿದ್ದವರಲ್ಲಿ ಶೇ 3.8. ಆಪರೇಷನ್ ಶುರುವಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟವರಲ್ಲಿ ಶೇ 3.3. ಔಷಧಿ ಅದೇ, ಹೊತ್ತು ಬೇರೆ.

ಇಷ್ಟು ಸ್ಪಷ್ಟವಾಗಿ ಗೊತ್ತಿದ್ದರೂ ನಮ್ಮ ಡಿಸ್ಚಾರ್ಜ್ ಚೀಟಿಗಳನ್ನು ನೋಡಿ. ಶುದ್ಧವಾದ ಹರ್ನಿಯಾ ಆಪರೇಷನ್‌ಗೂ ಐದು ದಿನ, ಏಳು ದಿನದ ಆಂಟಿಬಯಾಟಿಕ್ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಇದು ಬೇಡವೆಂದು ನೇರವಾಗಿ ಹೇಳಿದೆ: ಸೋಂಕು ತಡೆಯಲೆಂದು ಕೊಡುವ ಔಷಧಿಯನ್ನು ಆಪರೇಷನ್ ಮುಗಿದ ಮೇಲೆ ಮುಂದುವರಿಸಬಾರದು. ನಮ್ಮ ವೈದ್ಯರಿಗೆ ಇದು ಗೊತ್ತಿಲ್ಲವೆಂದಲ್ಲ. ಒಬ್ಬ ವಿಸಿಟಿಂಗ್ ಸರ್ಜನ್ ಬೆಳಗ್ಗೆ ಒಂದು ನರ್ಸಿಂಗ್ ಹೋಂನಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಕೆಲಸ ಮಾಡುತ್ತಾರೆ. ಉಪಕರಣ ತೊಳೆದವರು ಯಾರು, ಆಟೋಕ್ಲೇವ್ ಎಷ್ಟು ಹೊತ್ತು ಓಡಿತು, ಉಪಕರಣದ ಕಟ್ಟಿನ ಮೇಲಂಟಿಸಿದ ಟೇಪಿನ ಗೆರೆ ಕಪ್ಪಾದದ್ದು ಬರೀ ಬಿಸಿ ತಾಗಿದ್ದರಿಂದಲೋ ನಿಜಕ್ಕೂ ಎಲ್ಲ ಸತ್ತದ್ದರಿಂದಲೋ ಎಂದು ಅವರಿಗೆ ತಿಳಿಯದು. (ಟೇಪು ಹೇಳುವುದು ಬಿಸಿ ತಾಗಿದ್ದನ್ನು ಮಾತ್ರ. ಎಲ್ಲ ಸತ್ತಿದೆಯೇ ಎಂದು ತಿಳಿಯಲು ಶಾಖಕ್ಕೆ ಸುಲಭವಾಗಿ ಸಾಯದ ಬೀಜಾಣುಗಳ ಪುಟ್ಟ ಸೀಸೆಯನ್ನು ಒಳಗಿಟ್ಟು ಆಮೇಲೆ ಅವು ಬೆಳೆಯುತ್ತವೆಯೇ ಎಂದು ನೋಡಬೇಕು.) ತಮ್ಮ ಕೈಯಲ್ಲಿಲ್ಲದ ಸ್ವಚ್ಛತೆಯ ಕೊರತೆಯನ್ನು ತಮ್ಮ ಕೈಯಲ್ಲಿರುವ ಮಾತ್ರೆಯಿಂದ ಅವರು ತುಂಬಿಕೊಳ್ಳುತ್ತಾರೆ. ರೋಗಿಗೂ ಸಮಾಧಾನ. ಇಷ್ಟು ವರ್ಷ ಇದು ಹೇಗೋ ನಡೆದುಕೊಂಡು ಬಂತು.

ಇನ್ನು ಮುಂದೆ ನಡೆಯುವುದಿಲ್ಲ ಎಂಬುದಕ್ಕೆ ಅಂಕಿಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಔಷಧಿ ನಿರೋಧಕತೆಯ ಜಾಲ ದೇಶದ ದೊಡ್ಡ ಆಸ್ಪತ್ರೆಗಳಿಂದ ಮಾದರಿ ಸಂಗ್ರಹಿಸುತ್ತದೆ. ಹೊಟ್ಟೆಯ ಆಪರೇಷನ್‌ಗಳಲ್ಲಿ ಹೆಚ್ಚು ಕಾಡುವ ಇ. ಕೊಲಿ 2017ರಲ್ಲಿ ಇಮಿಪೆನೆಮ್ ಎಂಬ ಪ್ರಬಲ ಔಷಧಿಗೆ ನೂರಕ್ಕೆ ಸುಮಾರು 81 ಮಾದರಿಗಳಲ್ಲಿ ಬಗ್ಗುತ್ತಿತ್ತು. 2022ಕ್ಕೆ ಅದು 66ಕ್ಕೆ ಇಳಿಯಿತು. ಕ್ಲೆಬ್ಸಿಯೆಲ್ಲ ಎಂಬ ಇನ್ನೊಂದು ಬ್ಯಾಕ್ಟೀರಿಯದಲ್ಲಿ 59ರಿಂದ 42ಕ್ಕೆ. ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ 2021ರಲ್ಲಿ ನೂರಕ್ಕೆ ನಲವತ್ತನ್ನು ದಾಟಿತ್ತು. ಇವು ದೊಡ್ಡ ಆಸ್ಪತ್ರೆಗಳ ಮಾದರಿಗಳು, ತೀವ್ರವಾಗಿ ಕಾಯಿಲೆಬಿದ್ದವರವು. ಜೆ.ಪಿ. ನಗರದ ನರ್ಸಿಂಗ್ ಹೋಂ ಒಂದರ ಚಿತ್ರ ಹೀಗೇ ಇರುತ್ತದೆಂದು ಹೇಳಲಾಗದು. ಆದರೆ ಇಮಿಪೆನೆಮ್ ನಾವು ಕೊನೆಗೆಂದು ಎತ್ತಿಟ್ಟ ಔಷಧಿ. ಅದರ ಪಾಡೇ ಹೀಗಿರುವಾಗ ಡಿಸ್ಚಾರ್ಜ್ ಚೀಟಿಯ ಸೆಫಿಕ್ಸಿಮ್ ಮಾತ್ರೆ ಏನು ಮಾಡೀತು?

2015ರಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬಂದ ಒಂದು ಅಂದಾಜಿನ ಪ್ರಕಾರ, ತಡೆಗೆಂದು ಕೊಡುವ ಆಂಟಿಬಯಾಟಿಕ್‌ಗಳ ಬಲ ಶೇ 30ರಷ್ಟು ಕುಂದಿದರೂ ಅಮೆರಿಕ ಒಂದರಲ್ಲೇ ಸಾಮಾನ್ಯ ಶಸ್ತ್ರಚಿಕಿತ್ಸೆ ಮತ್ತು ಕ್ಯಾನ್ಸರ್ ಕೀಮೋಥೆರಪಿಯಲ್ಲಿ ವರ್ಷಕ್ಕೆ 1,20,000 ಹೆಚ್ಚುವರಿ ಸೋಂಕು, 6,300 ಸಾವುಗಳಾಗುತ್ತವೆ. ಅದು ಶುದ್ಧ ನೀರು, ಭದ್ರವಾದ ಲೆಕ್ಕ, ಸಾಕಷ್ಟು ನರ್ಸುಗಳು ಇರುವ ದೇಶದ ಅಂದಾಜು. 66 ದೇಶಗಳ 343 ಆಸ್ಪತ್ರೆಗಳಲ್ಲಿ ಕರುಳು, ಹೊಟ್ಟೆಯ ಆಪರೇಷನ್ ಆದ 12,539 ರೋಗಿಗಳನ್ನು ಹಿಂಬಾಲಿಸಿದ ಗ್ಲೋಬಲ್‌ಸರ್ಜ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮುಂದುವರಿದ ದೇಶಗಳಲ್ಲಿ ಗಾಯದ ಸೋಂಕು ಶೇ 9.4, ನಡುವಿನವುಗಳಲ್ಲಿ ಶೇ 14, ಹಿಂದುಳಿದವುಗಳಲ್ಲಿ ಶೇ 23.2. ಔಷಧಿಯ ಬಲ ಕುಂದಿದಾಗ ಯಾರು ಮೊದಲು ಬೀಳುತ್ತಾರೆಂಬುದು ಈ ಏಣಿಯಲ್ಲೇ ಕಾಣುತ್ತದೆ.

ಇದಕ್ಕೆ ಸಕ್ಕರೆ ಕಾಯಿಲೆಯನ್ನು ಸೇರಿಸಿಕೊಳ್ಳಿ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದಿತು. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯವನ್ನು ನುಂಗುವುದರಲ್ಲಿ ಸೋಮಾರಿಯಾಗುತ್ತವೆ. ಆಪರೇಷನ್ನಿನ ಒತ್ತಡದಿಂದ ಮಧುಮೇಹವಿಲ್ಲದವರಲ್ಲೂ ಸಕ್ಕರೆ ಏರುತ್ತದೆ. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2017ರಲ್ಲಿ ಎಲ್ಲ ರೋಗಿಗಳಲ್ಲೂ ಅದನ್ನು ಡೆಸಿಲೀಟರಿಗೆ 200 ಮಿಲಿಗ್ರಾಂನೊಳಗೆ ಇಡಬೇಕೆಂದಿತು. ನಮ್ಮ ಮನೆಗಳಲ್ಲಿ ಎಚ್ಚರ ಬೇರೆ ಕಡೆ ಇರುತ್ತದೆ. ಬದನೆಕಾಯಿ ನಂಜು, ಬೇಳೆ ತಿಂದರೆ ಕೀವಾಗುತ್ತದೆ, ಮೊಸರು ಬೇಡ ಎಂದು ಆಪರೇಷನ್ ಆದವರಿಗೆ ಎರಡು ವಾರ ಗಂಜಿ, ಬ್ರೆಡ್ಡು, ಎಳನೀರು ಕೊಡುತ್ತಾರೆ. ಬದನೆಕಾಯಿ ಬಿಟ್ಟರೆ ನಷ್ಟವೇನೂ ಇಲ್ಲ, ಬಿಡಲಿ. ಬೇಳೆ, ಮೊಸರು, ಮೊಟ್ಟೆ ಮೂರನ್ನೂ ಬಿಡಿಸಿದರೆ ಗಾಯ ಕೂಡಿಕೊಳ್ಳಲು ಬೇಕಾದ ಪ್ರೋಟೀನನ್ನೇ ಕಿತ್ತುಕೊಂಡಂತೆ. ಗಂಜಿ, ಬ್ರೆಡ್ಡಿನಿಂದ ಸಕ್ಕರೆಯೂ ಏರುತ್ತದೆ. ಅಜ್ಜಿಯರ ಕಾಳಜಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಯ ಡಯಟೀಷಿಯನ್ ಒಮ್ಮೆ ಆ ಅಜ್ಜಿಯನ್ನೇ ಕೂರಿಸಿಕೊಂಡು ಮಾತಾಡಿದರೆ ಚೀಟಿ ಬರೆಯುವುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಮನೆಗೆ ಬಂದ ಮೇಲಿನ ಕಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಹತ್ತನೇ ದಿನ ಮಗ ಫೋನ್ ಮಾಡುತ್ತಾನೆ. “ಡಾಕ್ಟ್ರೇ, ಅಮ್ಮನ ಹೊಲಿಗೆ ಹತ್ರ ಒಂಚೂರು ನೀರು ಬರ್ತಾ ಇದೆ.” “ಫೋಟೊ ಕಳ್ಸಿ ನೋಡೋಣ. ಪರವಾಗಿಲ್ಲ, ಈ ಮಾತ್ರೆ ಐದು ದಿನ ಕೊಡಿ, ಸೋಮವಾರ ಕರ್ಕೊಂಡು ಬನ್ನಿ.” ಸೋಮವಾರದ ಹೊತ್ತಿಗೆ ಆ ಮನೆಯವರು ಮನೆ ಹತ್ತಿರದ ಬೇರೊಬ್ಬ ಡಾಕ್ಟರರ ಹತ್ತಿರ ಡ್ರೆಸ್ಸಿಂಗ್ ಮಾಡಿಸಿಕೊಂಡಿರುತ್ತಾರೆ. ಕೀವಿನ ಮಾದರಿ ಲ್ಯಾಬಿಗೆ ಹೋಗುವುದಿಲ್ಲ. ಆಪರೇಷನ್ ಮಾಡಿದ ಆಸ್ಪತ್ರೆಯ ಪುಸ್ತಕದಲ್ಲಿ ಆ ಹೆಸರಿನ ಮುಂದೆ ‘ಗಾಯ ಆರೋಗ್ಯಕರ’ ಎಂದೇ ಉಳಿಯುತ್ತದೆ.

ಇದು ಊಹೆಯಲ್ಲ. ದಿಲ್ಲಿಯ ಏಮ್ಸ್ ಟ್ರಾಮಾ ಕೇಂದ್ರ, ಮುಂಬೈನ ಟಾಟಾ ಮೆಮೋರಿಯಲ್ ಮತ್ತು ನಮ್ಮ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಐಸಿಎಂಆರ್ ಬೆಂಬಲದಿಂದ ನಡೆದ ಅಧ್ಯಯನವೊಂದರಲ್ಲಿ 3,090 ರೋಗಿಗಳನ್ನು ಮನೆಗೆ ಹೋದ ಮೇಲೂ ಬಿಡದೆ ಹಿಂಬಾಲಿಸಿದರು. 161 ಮಂದಿಗೆ, ಅಂದರೆ ಶೇ 5.2ರಷ್ಟು ಜನರಿಗೆ ಗಾಯದ ಸೋಂಕಾಯಿತು. ಅವುಗಳಲ್ಲಿ ಮೂರರಲ್ಲಿ ಎರಡರಷ್ಟು ಸಿಕ್ಕಿದ್ದು ಡಿಸ್ಚಾರ್ಜ್ ಆದ ಮೇಲೆ. ಎರಡು ಗಂಟೆಗೂ ಹೆಚ್ಚು ಹೊತ್ತು ನಡೆದ ಆಪರೇಷನ್‌ಗಳಲ್ಲಿ ಅಪಾಯ ಹೆಚ್ಚಿತ್ತು. ವಾರ್ಡಿನೊಳಗಷ್ಟೇ ಲೆಕ್ಕ ಹಿಡಿದಿದ್ದರೆ ಆ 161ರಲ್ಲಿ ನೂರಕ್ಕೂ ಹೆಚ್ಚು ಮಂದಿ ‘ವಾಸಿಯಾದವರ’ ಸಾಲಿಗೆ ಸೇರುತ್ತಿದ್ದರು. ಮೂರು ದಿನಕ್ಕೆ ಮನೆಗೆ ಕಳಿಸುವ, ವಿಮಾ ಕಂಪನಿಯೂ ಅದನ್ನೇ ಬಯಸುವ ಈ ಕಾಲದಲ್ಲಿ ವಾರ್ಡಿನೊಳಗಿನ ಲೆಕ್ಕಕ್ಕೆ ಬೆಲೆಯಿಲ್ಲ. ಆಸ್ಪತ್ರೆಯಲ್ಲಿ ಇರುವ ದಿನಗಳು ಇಳಿದಷ್ಟೂ ಸೋಂಕಿನ ಪ್ರಮಾಣವೂ ಇಳಿದಂತೆ ಕಾಗದದಲ್ಲಿ ಕಾಣುತ್ತದೆ. ಡೇಕೇರ್ ಕೇಂದ್ರದ ಸೋಂಕು ಸೊನ್ನೆ! ಹೀಗೆ ಹೊಳೆಯುವ ಸೊನ್ನೆಯನ್ನು ಕಂಡಾಗ ನನಗೆ ಅನುಮಾನ ಬರುತ್ತದೆ.

ಎಣಿಸಿದ ಮಾತ್ರಕ್ಕೆ ಸೋಂಕು ಇಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ನಡೆದ ಸೆನಿಕ್ ಅಧ್ಯಯನ 1985ರಲ್ಲೇ ಉತ್ತರ ಕೊಟ್ಟಿತು: ಸೋಂಕನ್ನು ಕ್ರಮವಾಗಿ ಎಣಿಸಿ ತಡೆಯುವ ಪೂರ್ಣ ವ್ಯವಸ್ಥೆ ಇದ್ದ ಆಸ್ಪತ್ರೆಗಳಲ್ಲಿ ಆಸ್ಪತ್ರೆ ಸೋಂಕುಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಗಾಯಗಳ ವಿಷಯದಲ್ಲಿ ಅದು ಒತ್ತಿ ಹೇಳಿದ ಅಂಶ, ಪ್ರತಿ ಶಸ್ತ್ರವೈದ್ಯರಿಗೂ ಅವರವರ ಸೋಂಕಿನ ಪ್ರಮಾಣವನ್ನು ತಿಳಿಸಬೇಕೆಂಬುದು. ಕೆನಡಾದ ಕ್ಯಾಲ್ಗರಿಯಲ್ಲಿ ಪೀಟರ್ ಕ್ರೂಸ್ ಇದನ್ನೇ ಹತ್ತು ವರ್ಷ ಮಾಡಿ 62,939 ಗಾಯಗಳ ಲೆಕ್ಕವನ್ನು 1980ರಲ್ಲಿ ಪ್ರಕಟಿಸಿದರು. ಆಪರೇಷನ್ ಜಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸಿದರೆ ಶುದ್ಧ ಗಾಯಗಳಲ್ಲೂ ಸೋಂಕು ಶೇ 2.5, ಬೋಳಿಸದೆ ಬಿಟ್ಟರೆ ಶೇ 0.9 ಎಂಬುದು ಹೊರಬಿದ್ದದ್ದು ಆ ಲೆಕ್ಕದಿಂದಲೇ. ಬ್ಲೇಡು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ, ರಾತ್ರಿಯೆಲ್ಲ ಬ್ಯಾಕ್ಟೀರಿಯ ಅಲ್ಲಿ ಬೆಳೆಯುತ್ತದೆ. ಅಷ್ಟು ಹಳೆಯ ಸಂಗತಿಯಾದರೂ ಹಿಂದಿನ ರಾತ್ರಿ ವಾರ್ಡ್ ಬಾಯ್ ಬ್ಲೇಡು ಹಿಡಿದು ಬರುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ.

ಇಂಗ್ಲೆಂಡಿನಲ್ಲಿ 2004ರ ಏಪ್ರಿಲ್‌ನಿಂದ ಮೂಳೆ ಶಸ್ತ್ರಚಿಕಿತ್ಸೆ ಮಾಡುವ ಸರ್ಕಾರಿ ಆಸ್ಪತ್ರೆಗಳು ಗಾಯದ ಸೋಂಕಿನ ಲೆಕ್ಕ ಒಪ್ಪಿಸುವುದು ಕಡ್ಡಾಯ. ನಮ್ಮಲ್ಲಿ ಎನ್‌ಎಬಿಎಚ್ ಎಂಬ ಆಸ್ಪತ್ರೆ ಗುಣಮಟ್ಟ ಮಂಡಳಿಯ ಮಾನ್ಯತೆ ಬೇಕೆನ್ನುವ ಆಸ್ಪತ್ರೆಗಳು ಈ ಲೆಕ್ಕ ಇಡಬೇಕು, ಆದರೆ ಆ ಮಾನ್ಯತೆ ಪಡೆಯುವುದು ಅವರವರ ಇಷ್ಟ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಚಿಕಿತ್ಸೆಯ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿ ಎನ್ನುತ್ತದೆ. ಹರ್ನಿಯಾಕ್ಕೆ ಎಷ್ಟು ಎಂದು ಕೌಂಟರಿನಲ್ಲಿ ಓದಿಕೊಳ್ಳಬಹುದು. ಕಳೆದ ವರ್ಷ ಇಲ್ಲಿ ಎಷ್ಟು ಹರ್ನಿಯಾ ಗಾಯಗಳಲ್ಲಿ ಕೀವಾಯಿತೆಂದು ಓದಿಕೊಳ್ಳಲಾಗದು.

ಹಾಗೆಂದು ನಾಳೆಯೇ ಎಲ್ಲ ಶಸ್ತ್ರವೈದ್ಯರ ಸೋಂಕಿನ ಅಂಕಿಯನ್ನು ಬೋರ್ಡಿಗೆ ಬರೆಯಿರಿ ಎಂದರೆ ಅನ್ಯಾಯವಾದೀತು. ಸಂಜಯ್ ಗಾಂಧಿ ಟ್ರಾಮಾ ಸಂಸ್ಥೆಗೆ ಬರುವ ಗಾಯ ರಸ್ತೆಯ ಮಣ್ಣು, ಗ್ರೀಸು ಸಮೇತ ಬರುತ್ತದೆ, ಮೂಳೆ ಹೊರಗೆ ಇಣುಕುತ್ತಿರುತ್ತದೆ. ದಿನ ಗೊತ್ತುಮಾಡಿಕೊಂಡು, ಸ್ನಾನ ಮಾಡಿ, ಸಕ್ಕರೆ ಸರಿಮಾಡಿಕೊಂಡು ಕಾರ್ಪೊರೇಟ್ ಆಸ್ಪತ್ರೆಗೆ ಮಂಡಿ ಬದಲಿಸಿಕೊಳ್ಳಲು ಬರುವವರ ಜೊತೆ ಅದನ್ನು ಒಂದೇ ತಕ್ಕಡಿಗೆ ಹಾಕಲಾಗದು. ಹಾಗೆ ಹಾಕಿದರೆ ವೈದ್ಯರು ಬಡವರನ್ನೂ ಮಧುಮೇಹಿಗಳನ್ನೂ ಮುಟ್ಟಲು ಹಿಂಜರಿಯುತ್ತಾರೆ. ಗಾಯ ಎಷ್ಟು ಕೊಳೆಯಾಗಿತ್ತು, ರೋಗಿ ಮೊದಲೇ ಎಷ್ಟು ನಿತ್ರಾಣರಾಗಿದ್ದರು, ಆಪರೇಷನ್ ಎಷ್ಟು ಹೊತ್ತು ಹಿಡಿಯಿತು, ಈ ಮೂರನ್ನು ಕಟ್ಟಿಕೊಂಡು ಹೋಲಿಸುವ ವಿಧಾನ ದಶಕಗಳಿಂದ ಬಳಕೆಯಲ್ಲಿದೆ. ಮೊದಲು ಶುದ್ಧ ಆಪರೇಷನ್‌ಗಳು ಮತ್ತು ಸಿಸೇರಿಯನ್‌ಗಳಿಂದ ಶುರುಮಾಡಲಿ, ಅಂಕಿಯನ್ನು ಮೊದಲು ಶಸ್ತ್ರವೈದ್ಯರಿಗೇ ಗುಟ್ಟಾಗಿ ಕೊಡಲಿ. ಮೂವತ್ತನೇ ದಿನ ನರ್ಸ್ ಒಬ್ಬರು ಪ್ರತಿ ಮನೆಗೆ ಮಾಡುವ ಒಂದು ಫೋನಿಗೆ ಕಾಸು ಹೆಚ್ಚು ಬೇಕಾಗುವುದಿಲ್ಲ. ಆರೋಗ್ಯ ವಿಶ್ವವಿದ್ಯಾಲಯ ಜಯನಗರದಲ್ಲೇ ಇದೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿವರ್ಷ ಪ್ರಬಂಧ ಬರೆಯಲೇಬೇಕು. ಸುತ್ತಲಿನ ಸಣ್ಣ ನರ್ಸಿಂಗ್ ಹೋಂಗಳನ್ನು ಸೇರಿಸಿಕೊಂಡು ಇಂಥ ಲೆಕ್ಕವೊಂದನ್ನು ಹಿಡಿಯಲು ಇದಕ್ಕಿಂತ ಅನುಕೂಲದ ಜಾಗ ರಾಜ್ಯದಲ್ಲಿ ಇಲ್ಲ.

ತಡೆಯುವ ಕೆಲಸಗಳಲ್ಲಿ ದುಬಾರಿಯವು ಕಡಿಮೆ. 2021ರ ಫಾಲ್ಕನ್ ಪ್ರಯೋಗದಲ್ಲಿ ಭಾರತವೂ ಸೇರಿ ಏಳು ದೇಶಗಳ 5,788 ರೋಗಿಗಳಲ್ಲಿ ಔಷಧಿ ಸವರಿದ ದುಬಾರಿ ಹೊಲಿಗೆದಾರವನ್ನು ಮಾಮೂಲಿ ದಾರದ ಜೊತೆ ಹೋಲಿಸಿದರು. ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರುವರ್ಷದ ಚೀಟಾ ಪ್ರಯೋಗ 13,301 ರೋಗಿಗಳಲ್ಲಿ ಪರೀಕ್ಷಿಸಿದ್ದು ತೀರಾ ಸರಳವಾದ ಸಂಗತಿ: ಹೊಟ್ಟೆ ಮುಚ್ಚುವ ಮುಂಚೆ ಗ್ಲೌಸ್ ಬದಲಿಸಿ, ಸ್ವಚ್ಛವಾದ ಬೇರೆ ಉಪಕರಣ ತೆಗೆದುಕೊಳ್ಳುವುದು. ಸೋಂಕು ಶೇ 18.9ರಿಂದ 16ಕ್ಕೆ ಇಳಿಯಿತು. ರೋಗಿಯನ್ನು ಬೆಚ್ಚಗಿಡುವುದೂ ಇದೇ ಜಾತಿಯದು. 1996ರಲ್ಲಿ ಆಂಡ್ರಿಯಾ ಕುರ್ಟ್ಸ್ ಮತ್ತು ಸಂಗಡಿಗರು ಕರುಳಿನ ಆಪರೇಷನ್ ಆದ 200 ಮಂದಿಯಲ್ಲಿ ಅರ್ಧದಷ್ಟು ಜನರನ್ನು ಬೆಚ್ಚಗಿಟ್ಟರು. ಮೈ ತಣ್ಣಗಾದವರಲ್ಲಿ ಸೋಂಕು ಶೇ 19, ಬೆಚ್ಚಗಿದ್ದವರಲ್ಲಿ ಶೇ 6. ಥಿಯೇಟರಿನ ಏಸಿ ವೈದ್ಯರ ಬೆವರಿಗೆ ತಕ್ಕಂತೆ ಇರುತ್ತದೆ, ಮೇಜಿನ ಮೇಲೆ ಬಟ್ಟೆಯಿಲ್ಲದೆ ಮಲಗಿದವರಿಗೆ ತಕ್ಕಂತಲ್ಲ.

ಮತ್ತೆ ನೀರು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ಕಾವೇರಿ ನೀರು ಬಾರದ ದಿನ ಟ್ಯಾಂಕರ್ ಸಂಪಿಗೆ ಸುರಿಯುವ ನೀರು ಯಾವ ಊರಿನ ಯಾವ ಬೋರ್‌ವೆಲ್‌ನದೋ ಹೇಳುವವರಿಲ್ಲ. ಮನೆಯವರು ಕುಡಿಯಲು ಕಾಯಿಸಿಕೊಳ್ಳುತ್ತಾರೆ, ಇಲ್ಲವೇ ಕ್ಯಾನ್ ತರಿಸುತ್ತಾರೆ. ಸಣ್ಣ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸೈಡೆಕ್ಸ್‌ನಿಂದ ತೆಗೆದ ಉಪಕರಣವನ್ನು ಜಾಲಾಡಿಸುವುದು ಯಾವ ನೀರಿನಲ್ಲಿ? 2006ರ ವರದಿಯ ಕಾಲಕ್ಕಿಂತ ಇಂದು ಲ್ಯಾಪರೊಸ್ಕೋಪಿ ಎಷ್ಟೋ ಹೆಚ್ಚು, ಬೇಸಿಗೆಯ ನೀರಿನ ಭರವಸೆ ಕಡಿಮೆ. ಆಟೋಕ್ಲೇವ್ ಮಾಡಿದ ನೀರನ್ನಷ್ಟೇ ಬಳಸಬೇಕು, ತಾಳುವ ಉಪಕರಣಗಳನ್ನೆಲ್ಲ ಆಟೋಕ್ಲೇವ್‌ಗೇ ಹಾಕಬೇಕು, ತಾಳದವನ್ನು ಎಥಿಲೀನ್ ಆಕ್ಸೈಡ್ ಅನಿಲದಂಥ ವಿಧಾನದಿಂದ ಶುದ್ಧಮಾಡಬೇಕು. ಒಂದು ಸೆಟ್ಟಿನಲ್ಲಿ ಬೆಳಗ್ಗೆ ಎರಡು ಆಪರೇಷನ್ ಮಾಡುವ ಆಸೆ ಬಿಟ್ಟರೆ ಇದಿಷ್ಟೂ ಸಾಧ್ಯ. ಇನ್ನೊಂದು ಸೆಟ್ಟು ಕೊಳ್ಳಲು ತಗಲುವ ಹಣ ದೊಡ್ಡದೇ, ನಿಜ. ಇಂಥ ಸೋಂಕು ತಗಲಿದವರು ಕ್ಲಾರಿಥ್ರೊಮೈಸಿನ್, ಅಮಿಕಾಸಿನ್ ಎಂದು ತಿಂಗಳುಗಟ್ಟಲೆ ತೆರುವ ಹಣ ಮಾತ್ರ ಆಸ್ಪತ್ರೆಯ ಖರ್ಚಿನ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಆಪರೇಷನ್‌ಗೆ ದಿನ ಗೊತ್ತಾದವರು ಮಾಡಬಹುದಾದದ್ದು ಕೆಲವಿದೆ. ಸಿಗರೇಟು, ಬೀಡಿ ನಾಲ್ಕು ವಾರ ಮುಂಚೆಯೇ ಬಿಡಿ. ಸಕ್ಕರೆ ಏರಿದ್ದರೆ, ತುರ್ತಿಲ್ಲದಿದ್ದರೆ, ದಿನ ಮುಂದೂಡಲು ನೀವೇ ಕೇಳಿ. ಹಿಂದಿನ ದಿನ ಸೋಪು ಹಚ್ಚಿ ಸ್ನಾನ ಮಾಡಿ, ಕೂದಲನ್ನು ಮನೆಯಲ್ಲಿ ಬೋಳಿಸಿಕೊಂಡು ಹೋಗಬೇಡಿ. ಇಂಜೆಕ್ಷನ್ ಯಾವಾಗ ಕೊಡುತ್ತೀರಿ ಎಂದು ಅರಿವಳಿಕೆ ವೈದ್ಯರನ್ನು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರಿಗೆ ಆ ಪ್ರಶ್ನೆ ಇಷ್ಟವೇ ಆಗುತ್ತದೆ. ಮನೆಗೆ ಬಂದ ಮೇಲೆ ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ, ಒಂದು ಹನಿ ಸ್ರಾವ ಕಂಡರೂ ಅರಿಶಿನವನ್ನೂ ಕೊಬ್ಬರಿ ಎಣ್ಣೆಯನ್ನೂ ಹಚ್ಚಬೇಡಿ. ಫೋಟೊ ಕಳಿಸಿ ಸುಮ್ಮನಾಗದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ, ಹೊಸ ಮಾತ್ರೆ ಶುರುವಾಗುವ ಮುಂಚೆ ಕೀವನ್ನು ಕಲ್ಚರ್‌ಗೆ ಕಳಿಸಲು ಹೇಳಿ. ಲ್ಯಾಪರೊಸ್ಕೋಪಿಯ ಕಿಂಡಿಯ ಬಳಿ ತಿಂಗಳು ಕಳೆದ ಮೇಲೆ ಗಂಟು ಎದ್ದಿದ್ದರೆ ಮಾಮೂಲಿ ಕಲ್ಚರ್ ಸಾಲದು. ಮೈಕೋಬ್ಯಾಕ್ಟೀರಿಯಕ್ಕೆಂದೇ ಬೇರೆ ಪರೀಕ್ಷೆಯಿದೆ, ಲ್ಯಾಬಿನ ಚೀಟಿಯ ಮೇಲೆ ಅದನ್ನು ವೈದ್ಯರೇ ಬರೆದುಕೊಡಬೇಕು. ಬರೆಯದಿದ್ದರೆ ಲ್ಯಾಬಿನವರು ಎರಡು ದಿನ ಕಾದು, ಏನೂ ಬೆಳೆಯಲಿಲ್ಲ ಎಂದು ವರದಿ ಕೊಡುತ್ತಾರೆ.